ಮೊದಲ ಮೆಟ್ಟಿಲು ಹಾಕಿದ ಪುರಂದರದಾಸರು

ಹೊಸಪೇಟೆಯ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕೆ ಹೋಗಿದ್ದಾಗ ಎಂಟನೇ ತರಗತಿಗೆ ಶಬ್ದದ ಪಾಠ ಮಾಡಿದೆ. ಆವೃತ್ತಿಯ ವ್ಯಾಖ್ಯೆಯಿಂದಲೇ ಆರಂಭಿಸಿದೆ. ಮಕ್ಕಳು ಬರೆದುಕೊಂಡರು, ಆದರೆ ಪ್ರಶ್ನೆ ಕೇಳಿದಾಗ ಯಾರೂ ಉತ್ತರಿಸಲಿಲ್ಲ. ಪಾಠದ ಮೊದಲ ಮೆಟ್ಟಿಲು ಎಲ್ಲಿದೆ ಎಂದು ಮಾರ್ಗದರ್ಶಕರು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಆ ಭಾನುವಾರ ಹಂಪಿಗೆ ಹೋಗಿ, ತುಂಗಭದ್ರೆಯ ದಡದ ಪುರಂದರ ಮಂಟಪದಲ್ಲಿ ಕುಳಿತಾಗ ಉತ್ತರ ಹೊಳೆಯಿತು.

ಸಂಪ್ರದಾಯದ ಪ್ರಕಾರ ಪುರಂದರದಾಸರು 1484ರಲ್ಲಿ ಜನಿಸಿದರು. ಮೊದಲ ಹೆಸರು ಶ್ರೀನಿವಾಸ ನಾಯಕ. ನವಕೋಟಿ ನಾರಾಯಣ ಎನಿಸಿಕೊಂಡ ಸಿರಿವಂತ ವ್ಯಾಪಾರಿ, ಜಿಪುಣ. ಹೆಂಡತಿ ಸರಸ್ವತಿಬಾಯಿ ಬಡವನೊಬ್ಬನಿಗೆ ಮೂಗುತಿ ದಾನ ಕೊಟ್ಟ ಪ್ರಸಂಗ ಅವರ ಮನಸ್ಸನ್ನು ತಿರುಗಿಸಿತು ಎನ್ನುತ್ತಾರೆ. ಸಂಪತ್ತನ್ನೆಲ್ಲ ತೊರೆದು, ವಿಜಯನಗರದಲ್ಲಿ ವ್ಯಾಸರಾಯರ ಶಿಷ್ಯರಾದರು. ತಂಬೂರಿ ಹಿಡಿದು ಬೀದಿಬೀದಿಯಲ್ಲಿ ಆಡುಗನ್ನಡದಲ್ಲಿ ಹಾಡಿದರು. ಪುರಂದರ ವಿಠಲ ಅವರ ಅಂಕಿತ.

ಕರ್ನಾಟಕ ಸಂಗೀತ ಪಿತಾಮಹ ಎಂಬ ಬಿರುದಿಗೆ ಹಾಡುಗಳಷ್ಟೇ ಕಾರಣವಲ್ಲ, ಪಾಠಕ್ರಮವೂ ಕಾರಣ. ಮಾಯಾಮಾಳವಗೌಳ ರಾಗದಲ್ಲಿ ಕಲಿಕೆ ಆರಂಭಿಸುವ ಪದ್ಧತಿ ಅವರದೆಂದು ಸಂಗೀತಗಾರರು ನಂಬುತ್ತಾರೆ. ಈ ರಾಗದಲ್ಲಿ ಸ-ರಿ ಅಂತರ ಚಿಕ್ಕದು, ರಿ-ಗ ದೊಡ್ಡದು, ಗ-ಮ ಚಿಕ್ಕದು. ಪ-ದ-ನಿ-ಸ ಭಾಗದಲ್ಲಿಯೂ ಅದೇ ಜೋಡಣೆ. ಅರ್ಧ ಕಲಿತವನಿಗೆ ಉಳಿದರ್ಧ ಪರಿಚಿತ. ಮೊದಲು ಸರಳೆ ವರಸೆ, ನಂತರ ಸ್ವರಗಳನ್ನು ಜೋಡಿಯಾಗಿ ಹಾಡುವ ಜಂಟಿ ವರಸೆ, ಆಮೇಲೆ ತಾಳಗಳ ಅಲಂಕಾರ, ಕೊನೆಗೆ ಮಲಹರಿ ರಾಗದ ಪಿಳ್ಳಾರಿ ಗೀತೆ. ಮಲಹರಿಯ ಸ್ವರಗಳೆಲ್ಲ ಮಗು ಆಗಲೇ ಕಲಿತವೇ. ತಿಳಿದುದರಿಂದ ತಿಳಿಯದುದರೆಡೆಗೆ ಎಂದು ನಾವು ಪಾಠಯೋಜನೆಯಲ್ಲಿ ಬರೆಯುವುದು ಇದನ್ನೇ ಅಲ್ಲವೇ?

ದಾಸರು 1564ರಲ್ಲಿ ತೀರಿಕೊಂಡರು. ಮರುವರ್ಷವೇ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತಿತು, ರಾಜಧಾನಿ ಹಾಳಾಯಿತು. ಸರಳೆ ವರಸೆ ಮಾತ್ರ ಗುರುವಿನಿಂದ ಶಿಷ್ಯರಿಗೆ ದಾಟುತ್ತ ಇಂದಿಗೂ ಉಳಿದಿದೆ.

ಮುಂದಿನ ವಾರ ಅದೇ ಪಾಠವನ್ನು ಮತ್ತೆ ತೆಗೆದುಕೊಂಡೆ. ಸಂಗೀತ ಕಲಿಯುತ್ತಿದ್ದ ಹುಡುಗಿಯೊಬ್ಬಳಿಂದ ಸರಳೆ ವರಸೆ ಹಾಡಿಸಿದೆ. ಕೆಳಗಿನ ಸ, ಮೇಲಿನ ಸ ಎರಡರ ವ್ಯತ್ಯಾಸವನ್ನು ಮಕ್ಕಳು ಕಿವಿಯಿಂದಲೇ ಗುರುತಿಸಿದರು. ಮೇಲಿನದರ ಆವೃತ್ತಿ ಕೆಳಗಿನದರ ಎರಡರಷ್ಟು ಎಂದು ಆಮೇಲೆ ಹೇಳಿದೆ. ವ್ಯಾಖ್ಯೆ ಕೊನೆಗೆ ಬಂತು. ಹಿಂದಿನ ಬೆಂಚಿನ ಇಬ್ಬರಿಗೆ ಇನ್ನೂ ತಿಳಿಯಲಿಲ್ಲ. ಅವರಿಗಾಗಿ ಇನ್ನೊಂದು ಮೆಟ್ಟಿಲು ಹುಡುಕುತ್ತಿದ್ದೇನೆ.