ಅಂಗಳಕ್ಕೆ ನಡೆದುಬಂದ ಶಾಲೆ: ತಾರಾಬಾಯಿ ಮೋಡಕ್

ನವೆಂಬರ್ 1 ಬಂದಿತೆಂದರೆ ಕನ್ನಡಿಗರಾದ ನಮಗೆಲ್ಲ 1956ರ ನೆನಪು. ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ನಾಡು ಅಂದು ಒಂದಾಯಿತು. ಅದೇ ದಿನ, ನಾವು ಬಂದು ನೆಲೆಸಿರುವ ಈ ನಾಗಪುರದ ಹಣೆಬರಹವೂ ಬದಲಾಯಿತೆಂಬುದನ್ನು ನಮ್ಮಲ್ಲಿ ಅನೇಕರು ಗಮನಿಸಿರಲಾರರು. ಅಲ್ಲಿಯವರೆಗೆ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಊರು ವಿದರ್ಭದೊಂದಿಗೆ ಮುಂಬಯಿ ರಾಜ್ಯಕ್ಕೆ ಸೇರಿತು. 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಭಾಷೆಯನ್ನು ನೋಡಿ ರಾಜ್ಯಗಳ ಗೆರೆ ಎಳೆದದ್ದು ನ್ಯಾಯವೇ. ಆದರೆ ಗೆರೆಯನ್ನು ಎಲ್ಲಿ ಎಳೆದರೂ, ಮನೆಯ ಮಾತು ಒಂದು, ಶಾಲೆಯ ಮಾತು ಮತ್ತೊಂದು ಆಗಿರುವ ಮಕ್ಕಳು ಎರಡೂ ಕಡೆ ಉಳಿದೇ ಉಳಿಯುತ್ತಾರೆ. ಪ್ರತಾಪ ನಗರದ ನಮ್ಮ ಮನೆಗಳ ಮಕ್ಕಳೂ ಆ ಗುಂಪಿಗೆ ಸೇರಿದವರೇ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ, ನೆರೆಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಮೂರು ವರ್ಷದ ಕೂಸು ಈ ನಾಲ್ಕರ ನಡುವೆ ಹೆಜ್ಜೆಯಿಡಬೇಕಾಗಿದೆ.

ಆದಕಾರಣ ಈ ಸಲ ರಾಜ್ಯೋತ್ಸವದ ಸಂಚಿಕೆಯಲ್ಲಿ ನಮ್ಮ ನಾಡಿನ ಅರಸರನ್ನೋ ಕವಿಗಳನ್ನೋ ಕುರಿತು ಬರೆಯುವ ಬದಲು ಮರಾಠಿ ಮಹಿಳೆಯೊಬ್ಬರ ಜೀವನವನ್ನು ನೆನೆಯುವುದು ಉಚಿತವೆಂದು ನಮಗೆ ತೋರಿತು. ಕನ್ನಡನಾಡಿನ ಹಳ್ಳಿಹಳ್ಳಿಯಲ್ಲೂ ಇಂದು ಅಂಗನವಾಡಿ ಇದೆ. ಆ ಹೆಸರೂ ಆ ಕಲ್ಪನೆಯೂ ಹುಟ್ಟಿದ್ದು ನಾವಿರುವ ಈ ಮಹಾರಾಷ್ಟ್ರದಲ್ಲಿ. ಅದನ್ನು ನಡೆಸಿ ತೋರಿಸಿದವರು ತಾರಾಬಾಯಿ ಮೋಡಕರು.

ತಾರಾಬಾಯಿಯವರು ಹುಟ್ಟಿದ್ದು 1892ರಲ್ಲಿ. ತಂದೆ ಸದಾಶಿವರಾವ್ ಕೇಳಕರರು ಪ್ರಾರ್ಥನಾ ಸಮಾಜದವರು. ತಾಯಿ ಉಮಾಬಾಯಿಯವರದು ವಿಧವಾ ಪುನರ್ವಿವಾಹ. ಆ ಕಾಲದಲ್ಲಿ ಅಂಥ ಮದುವೆಯಾದವರ ಮನೆಗೆ ಬಂಧುಬಳಗ ಸುಲಭವಾಗಿ ಬರುತ್ತಿರಲಿಲ್ಲ. ಸಮಾಜ ಹೊರಗಿಟ್ಟವರ ನೋವೇನೆಂಬುದು ಹೀಗೆ ತಾರಾಬಾಯಿಯವರಿಗೆ ಮನೆಯಲ್ಲೇ ತಿಳಿದಿತ್ತು. ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ದಿನಗಳಲ್ಲಿ, 1914ರಲ್ಲಿ, ಅವರು ಮುಂಬಯಿಯಲ್ಲಿ ಬಿ.ಎ. ಪದವಿ ಪಡೆದರು.

ವಕೀಲರಾಗಿದ್ದ ಮೋಡಕರನ್ನು ಮದುವೆಯಾಗಿ ಅವರು ಬಂದದ್ದು ನಮ್ಮ ನೆರೆಯ ಅಮರಾವತಿಗೆ. ಹೀಗೆ ವಿದರ್ಭದ ನೆಲಕ್ಕೂ ಅವರಿಗೂ ನಂಟು ಬೆಳೆಯಿತು. ಆದರೆ ಸಂಸಾರ ಕೂಡಿಬರಲಿಲ್ಲ. 1921ರಲ್ಲಿ ಪತಿಯಿಂದ ಬೇರೆಯಾಗಿ, ಪುಟ್ಟ ಮಗಳನ್ನು ಕರೆದುಕೊಂಡು ರಾಜಕೋಟೆಗೆ ಹೋದರು. ಅಲ್ಲಿಯ ಮಹಿಳಾ ವಿದ್ಯಾಸಂಸ್ಥೆಯೊಂದರ ಮುಖ್ಯಸ್ಥೆಯಾದರು. ಗೌರವದ ಹುದ್ದೆ, ಕೈತುಂಬ ಸಂಬಳ. ಆದರೂ ಅವರ ಮನಸ್ಸು ಬೇರೆಡೆಗೆ ಎಳೆಯಿತು. ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಗಿಜುಭಾಯಿ ಬಧೇಕರು 1920ರಲ್ಲಿ ಬಾಲಮಂದಿರವನ್ನು ತೆರೆದಿದ್ದರು. ಅಲ್ಲಿ ಬೆತ್ತವಿಲ್ಲ, ಬೈಗುಳವಿಲ್ಲ, ಮಗು ಆಡುತ್ತಾಡುತ್ತ ಕಲಿಯುತ್ತದೆ ಎಂಬ ಸುದ್ದಿ ಎಲ್ಲೆಡೆ ಹಬ್ಬಿತ್ತು. 1923ರಲ್ಲಿ ತಾರಾಬಾಯಿಯವರು ರಾಜಕೋಟೆಯ ಹುದ್ದೆಯನ್ನು ಬಿಟ್ಟು ಗಿಜುಭಾಯಿಯವರ ಸಹೋದ್ಯೋಗಿಯಾದರು. ಇಬ್ಬರೂ ಸೇರಿ 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘವನ್ನು ಕಟ್ಟಿದರು. ಮಕ್ಕಳನ್ನು ಅರಿಯುವ ಬಗೆಯನ್ನು ತಂದೆತಾಯಿಗಳಿಗೂ ಉಪಾಧ್ಯಾಯರಿಗೂ ತಿಳಿಸಲು ಶಿಕ್ಷಣ ಪತ್ರಿಕೆಯನ್ನು ನಡೆಸಿದರು.

ಭಾವನಗರದ ಪದ್ಧತಿಯ ಬೇರು ಇಟಲಿಯ ಮರಿಯಾ ಮಾಂಟೆಸೊರಿಯವರಲ್ಲಿತ್ತು. ಇಲ್ಲಿ ಒಂದು ಸಂಗತಿಯನ್ನು ವಾಚಕರು ಮರೆಯಬಾರದು. ಮಾಂಟೆಸೊರಿಯವರು 1907ರಲ್ಲಿ ತಮ್ಮ ಮೊದಲ ಶಿಶುಗೃಹವನ್ನು ತೆರೆದದ್ದು ರೋಮ್ ನಗರದ ಬಡ ಕೂಲಿಕಾರರ ಕೇರಿಯಲ್ಲಿ. ಆದರೆ ಆ ಪದ್ಧತಿ ಸಮುದ್ರ ದಾಟಿ ನಮ್ಮ ದೇಶಕ್ಕೆ ಬರುವಷ್ಟರಲ್ಲಿ ಅದರ ಸಾಧನಗಳಿಗೆ ದುಬಾರಿ ಬೆಲೆ ಬಂದಿತ್ತು. ಅನುಕೂಲವಂತರ ಮಕ್ಕಳ ಸೊತ್ತಾಗಿ ಅದು ನಿಂತುಬಿಟ್ಟಿತ್ತು. ತಾರಾಬಾಯಿಯವರೇ 1936ರಲ್ಲಿ ಮುಂಬಯಿಯ ದಾದರಿನಲ್ಲಿ ಆರಂಭಿಸಿದ ಶಿಶುವಿಹಾರವು ಬಹಳ ಹೆಸರು ಮಾಡಿತು. ಅಲ್ಲಿಗೆ ಬರುತ್ತಿದ್ದವರು ಮಾತ್ರ ಓದುಬರಹ ಬಲ್ಲ ಮಧ್ಯಮ ವರ್ಗದವರ ಮಕ್ಕಳು. ಬಡವರಿಗಾಗಿ ಹುಟ್ಟಿದ್ದನ್ನು ಬಡವರಿಗೆ ಹಿಂದಿರುಗಿಸುವುದು ಹೇಗೆಂಬ ಚಿಂತೆ ಅವರನ್ನು ಬಿಡಲಿಲ್ಲ.

1945ರ ಆರಂಭದಲ್ಲಿ, ನಾಗಪುರಕ್ಕೆ ಸಮೀಪದ ಸೇವಾಗ್ರಾಮದಲ್ಲಿ ಗಾಂಧೀಜಿಯವರ ನಯೀ ತಾಲೀಮ್ ಸಮ್ಮೇಳನ ನಡೆಯಿತು. ಶಾಲೆಗೆ ಸೇರುವ ವಯಸ್ಸಿಗೂ ಮುಂಚಿನ ಶಿಶುಗಳ ಶಿಕ್ಷಣವೂ ಆ ಯೋಜನೆಗೆ ಸೇರತಕ್ಕದ್ದೆಂದು ಅಲ್ಲಿ ಒಪ್ಪಿತವಾಯಿತು. ಅದೇ ವರ್ಷ ತಾರಾಬಾಯಿಯವರು, ಐವತ್ತು ದಾಟಿದ ವಯಸ್ಸಿನಲ್ಲಿ, ಪಟ್ಟಣದ ಬದುಕನ್ನು ತೊರೆದು ಆಗಿನ ಠಾಣೆ ಜಿಲ್ಲೆಯ ಕಡಲತಡಿಯ ಬೋರ್ಡಿ ಎಂಬ ಹಳ್ಳಿಗೆ ಹೋಗಿ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ಸ್ಥಾಪಿಸಿದರು. ಎಳೆಯ ವಯಸ್ಸಿನಲ್ಲೇ ವೈಧವ್ಯಕ್ಕೆ ಗುರಿಯಾಗಿ, ಓದಿ ಉಪಾಧ್ಯಾಯಿನಿಯಾಗಿದ್ದ ಅನುತಾಯಿ ವಾಘರು ಅಲ್ಲಿ ಅವರ ಕೈಗೆ ಕೈಗೂಡಿಸಿದರು. ಈ ಇಬ್ಬರ ಒಡನಾಟ ತಾರಾಬಾಯಿಯವರ ಕೊನೆಯವರೆಗೂ ನಡೆಯಿತು.

ಬೋರ್ಡಿಯಲ್ಲಿ ಬಾಲವಾಡಿಯೇನೋ ತೆರೆಯಿತು. ಆದರೆ ಯಾರಿಗಾಗಿ ತೆರೆದರೋ ಆ ಮಕ್ಕಳೇ ಬರಲಿಲ್ಲ. ಅಸ್ಪೃಶ್ಯರೆಂದು ದೂರವಿಟ್ಟವರ ಕೇರಿಯ ತಾಯಂದಿರಿಗೆ, ಮೇಲ್ಜಾತಿಯವರ ಮಕ್ಕಳು ಕೂರುವಲ್ಲಿಗೆ ತಮ್ಮ ಕೂಸನ್ನು ಕಳುಹಿಸಲು ಅಂಜಿಕೆ. ಕೆಲಸಕ್ಕೆ ಹೋಗುವ ಅವರಿಗೆ ಮಗುವನ್ನು ಕರೆತಂದು ಕರೆದೊಯ್ಯಲು ಪುರಸೊತ್ತೂ ಇಲ್ಲ. ಬೇರೆಯವರಾಗಿದ್ದರೆ ಈ ಜನಕ್ಕೆ ವಿದ್ಯೆಯ ಬೆಲೆ ತಿಳಿಯದು ಎಂದು ಹಳಿದು ಸುಮ್ಮನಾಗುತ್ತಿದ್ದರು. ತಾರಾಬಾಯಿಯವರು ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಬಳಿಗೆ ಹೋಗಬೇಕೆಂದು ತೀರ್ಮಾನಿಸಿದರು. ಸಾಮಾನು ಹೊತ್ತುಕೊಂಡು ಕೇರಿಗೇ ನಡೆದರು. ಮನೆಯ ಮುಂದಿನ ಅಂಗಳದಲ್ಲಿ ಮಕ್ಕಳನ್ನು ಕೂಡಿಸಿದರು. ಮರಾಠಿಯ ಅಂಗಣವೂ ನಮ್ಮ ಅಂಗಳವೂ ಒಂದೇ ಬಳ್ಳಿಯ ಮಾತುಗಳಲ್ಲವೇ? ಅಂಗಣದಲ್ಲಿ ನಡೆದ ಆ ಬಾಲವಾಡಿಯೇ ಅಂಗನವಾಡಿ.

ಅಂಗಳದಲ್ಲಿ ಶಾಲೆ ನಡೆದುದರಿಂದ ಮೊದಲು ಆದ ಲಾಭವೆಂದರೆ ತಾಯಂದಿರು ಅದನ್ನು ಕಣ್ಣಾರೆ ಕಂಡದ್ದು. ಕೈಕಾಲು ಮುಖ ತೊಳೆಯುವುದು, ತಲೆ ಬಾಚುವುದು, ಉಗುರು ಕತ್ತರಿಸುವುದು ಇವೂ ಅಲ್ಲಿ ಪಾಠಗಳೇ ಆಗಿದ್ದುವು. ಹೊಸ್ತಿಲಲ್ಲಿ ನಿಂತು ನೋಡುವ ತಾಯಿಗೆ ಇದರಲ್ಲಿ ತನಗೆ ತಿಳಿಯದ ಗುಟ್ಟೇನೂ ಇಲ್ಲವೆಂದು ಧೈರ್ಯ ಬಂತು. ಇಟಲಿಯ ಮಾದರಿಯ ದುಬಾರಿ ಸಾಧನಗಳ ಬದಲು ಬೆಣಚುಕಲ್ಲು, ಚಿಪ್ಪು, ಎಲೆ, ಹೂವು, ಬೀಜ, ಜೇಡಿಮಣ್ಣು ಇವು ಬಂದುವು. ಎಣಿಸಲು ಬೀಜ, ಬಣ್ಣ ಗುರುತಿಸಲು ಹೂವು, ಬೆರಳು ಪಳಗಲು ಮಣ್ಣು. ಹಣವಿಲ್ಲದ್ದರಿಂದ ಮಾಡಿದ ಬದಲಾವಣೆ ಇದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ತನ್ನ ಮನೆಯ ಸುತ್ತಲಿನ ವಸ್ತುವೇ ವಿದ್ಯೆಗೆ ಸಾಧನವಾದಾಗ, ತನ್ನ ಮನೆ ಕೀಳೆಂಬ ಭಾವನೆ ಮಗುವಿನಲ್ಲಿ ಮೂಡುವುದಿಲ್ಲ.

1957ರಲ್ಲಿ ಕೇಂದ್ರವು ಡಹಾಣು ತಾಲೂಕಿನ ಕೋಸಬಾಡದ ಗುಡ್ಡಕ್ಕೆ ಸಾಗಿತು. ಅದು ವಾರಲಿ ಆದಿವಾಸಿಗಳ ನಾಡು. ಜೀತದ ವಿರುದ್ಧ 1945ರಲ್ಲಿ ಗೋದಾವರಿ ಪರುಳೇಕರರ ಮುಂದಾಳುತನದಲ್ಲಿ ವಾರಲಿಗಳು ಎದ್ದು ನಿಂತ ಸೀಮೆ. ಅವರ ಆಡುಮಾತು ಪುಸ್ತಕದ ಮರಾಠಿಯಲ್ಲ. ಇಲ್ಲಿ ಅಂಗಳವೂ ಸಾಲದಾಯಿತು, ಏಕೆಂದರೆ ಮಕ್ಕಳು ಹಗಲೆಲ್ಲ ದನ ಮೇಯಿಸುತ್ತಿದ್ದರು. ಶಾಲೆ ಅವರ ಹಿಂದೆಯೇ ಹುಲ್ಲುಗಾವಲಿಗೆ ಹೋಯಿತು. ಅದಕ್ಕೆ ಕುರಣಶಾಲೆಯೆಂದು ಹೆಸರಾಯಿತು. ಇನ್ನು ಹುಡುಗಿಯರ ಕಂಕುಳಲ್ಲಿ ತಮ್ಮನೋ ತಂಗಿಯೋ ಇರುತ್ತಿತ್ತು. ಆ ಕೂಸನ್ನು ಬಿಟ್ಟು ಅಕ್ಕ ಬರುವಂತಿಲ್ಲ. ಹಾಗಾಗಿ ಶಿಶುಪಾಲನಾ ಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಸೇರಿಸಿ ವಿಕಾಸವಾಡಿಯನ್ನು ಏರ್ಪಡಿಸಿದರು. ಅಕ್ಕ ಓದುವಾಗ ತಂಗಿಗೂ ಅಲ್ಲಿ ಜಾಗವಾಯಿತು. ಮನೆಯ ಸ್ಥಿತಿಯನ್ನು ಅರಿತು ಅದಕ್ಕೆ ತಕ್ಕಂತೆ ಶಾಲೆಯನ್ನು ಹೊಂದಿಸುವುದೇ ತಾರಾಬಾಯಿಯವರ ವಿಧಾನದ ತಿರುಳು.

ನಮ್ಮ ನಾಡಿನಲ್ಲಿಯೂ ಈ ದಾರಿಯ ಹಿರಿಯರಿದ್ದರೆಂಬುದನ್ನು ಹೆಮ್ಮೆಯಿಂದ ಹೇಳಬೇಕು. ತಾರಾಬಾಯಿಯವರು ಹುಟ್ಟಿದ ಆ 1892ರಲ್ಲೇ ಕುದ್ಮುಲ್ ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದು, ಸ್ವಜನರ ಬಹಿಷ್ಕಾರವನ್ನು ನಗುತ್ತ ಸಹಿಸಿದರು. ಇಬ್ಬರ ಊರೂ ಭಾಷೆಯೂ ಬೇರೆ. ಹಿಡಿದ ಕೆಲಸ ಒಂದೇ.

1962ರಲ್ಲಿ ಭಾರತ ಸರ್ಕಾರವು ತಾರಾಬಾಯಿಯವರಿಗೆ ಪದ್ಮಭೂಷಣವನ್ನಿತ್ತು ಗೌರವಿಸಿತು. 1973ರ ಆಗಸ್ಟ್ 31ರಂದು ಅವರು ತೀರಿಕೊಂಡರು. ಎರಡು ತಿಂಗಳ ತರುವಾಯ ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಅವರು ಬಿಟ್ಟುಹೋದ ಕೆಲಸವನ್ನು ಅನುತಾಯಿಯವರು 1992ರಲ್ಲಿ ತಮ್ಮ ಆಯುಷ್ಯ ಮುಗಿಯುವವರೆಗೆ ನಡೆಸಿದರು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿದಾಗ, ಅದರ ಕೇಂದ್ರಗಳು ಅಂಗನವಾಡಿ ಎಂಬ ಹೆಸರನ್ನೇ ಪಡೆದುವು. ಆ ಮೊದಲ ಪಟ್ಟಿಯಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವಿತ್ತು; ಇತ್ತ ಅಮರಾವತಿ ಜಿಲ್ಲೆಯ ಧಾರಣಿಯೂ ಇತ್ತು. ಇಂದು ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗನವಾಡಿಗಳಿವೆ.

ಸಂಖ್ಯೆ ಬೆಳೆಯಿತು, ಒಳ್ಳೆಯದೇ. ಆದರೆ ಒಂದು ಮಾತನ್ನು ನಾವು ಆಲೋಚಿಸಬೇಕು. ಅನುಕೂಲವಿದ್ದವರ ಮಕ್ಕಳು ಹಣ ತೆತ್ತು ಹೋಗುವ ಶಿಶುಶಾಲೆ ಒಂದು ಕಡೆ, ಬಡವರ ಮಕ್ಕಳ ಅಂಗನವಾಡಿ ಇನ್ನೊಂದು ಕಡೆ ಆಗಿಬಿಟ್ಟರೆ, ಅಂಜಿಕೆ ಕಳೆಯಲೆಂದು ಕೇರಿಗೆ ನಡೆದ ಶಾಲೆಯೇ ಕೇರಿಗೆ ಬೇಲಿಯಾದೀತು. ನಮ್ಮ ಮನೆಯ ಪಾತ್ರೆ ತೊಳೆಯುವಾಕೆಯ ಮಗು ಎಲ್ಲಿ ಆಡುತ್ತಿದೆಯೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ನಮ್ಮ ಮಕ್ಕಳ ವಿಷಯದಲ್ಲಿಯೂ ಈ ಜೀವನದಿಂದ ಕಲಿಯುವುದಿದೆ. ಶಾಲೆಗೆ ಸೇರಿಸುವ ವರ್ಷ ಬಂತೆಂದು ಮನೆಯಲ್ಲಿ ಕನ್ನಡವನ್ನು ನಿಲ್ಲಿಸಿ, ಅರೆಬರೆ ಇಂಗ್ಲಿಷಿನಲ್ಲಿ ಕೂಸನ್ನು ಮಾತಾಡಿಸುವ ತಂದೆತಾಯಿಗಳು ನಮ್ಮಲ್ಲಿ ಕಡಮೆಯಿಲ್ಲ. ಇದು ಅಗತ್ಯವಿಲ್ಲದ ಭಯ. ಎಳೆಯ ಮಕ್ಕಳಿಗೆ ಸಾಧ್ಯವಾದೆಡೆಯಲ್ಲೆಲ್ಲ ಮನೆಮಾತಿನಲ್ಲೇ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ನಾಗಪುರದ ಶಾಲೆ ಕನ್ನಡ ಕಲಿಸಲಾರದು, ನಿಜ. ಆದರೆ ಮಗು ಮನೆಯಲ್ಲಿ ಏನು ಮಾತಾಡುತ್ತದೆ, ನೀರು ಬೇಕಾದರೆ, ಹೊಟ್ಟೆ ನೋವಾದರೆ ಯಾವ ಮಾತಿನಲ್ಲಿ ಹೇಳುತ್ತದೆ ಎಂಬುದನ್ನು ತಾಯಿತಂದೆ ಹೋಗಿ ಉಪಾಧ್ಯಾಯಿನಿಗೆ ತಿಳಿಸಬಹುದು. ನಾಲ್ಕು ಕನ್ನಡ ಪದಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಬೇಡವೆನ್ನುವ ಗುರುಮಾತೆ ಇರಲಾರಳು. ಅಜ್ಜಿಯ ಲಾಲಿಹಾಡನ್ನು ಮನೆಯಲ್ಲಿ ಹಾಡಬಹುದು. ಸಂಜೆ ಅಂಗಳದಲ್ಲಿ ಮರಾಠಿ, ಹಿಂದಿ ಮಕ್ಕಳ ಜೊತೆ ಕುಂಟೆಬಿಲ್ಲೆಯನ್ನು ಆಡಿಸಬಹುದು.

ನಮ್ಮಲ್ಲಿ ಹೆಚ್ಚಿನವರಿಗೆ ಅಂಗಳವೇ ಇಲ್ಲ, ಮೂರನೆಯ ಮಹಡಿಯ ಮನೆ ಎಂದು ಯಾರಾದರೂ ಹೇಳಿಯಾರು. ಸಭೆ ಸಮಾರಂಭಗಳಿಗೆ ನಾವು ಜಾಗ ಹುಡುಕಿಕೊಳ್ಳುವುದಿಲ್ಲವೇ? ವಾರಕ್ಕೊಂದು ಸಂಜೆ ಅಂಥದೇ ಜಾಗವೊಂದರಲ್ಲಿ ನಾಲ್ಕೈದು ಮನೆಗಳ ಚಿಕ್ಕ ಮಕ್ಕಳನ್ನು, ನೆರೆಹೊರೆಯವರ ಮತ್ತು ಕೆಲಸದಾಕೆಯ ಮಕ್ಕಳನ್ನೂ ಸೇರಿಸಿ, ಕಥೆ ಹೇಳಿ ಹಾಡಿಸಿದರೆ ಸಾಕು. ಈ ರಾಜ್ಯೋತ್ಸವದಿಂದಲೇ ಅದಕ್ಕೆ ತೊಡಗೋಣವೆಂದು ಕನ್ನಡ ಬಂಧುಗಳಲ್ಲಿ, ವಿಶೇಷವಾಗಿ ತಾಯಂದಿರಲ್ಲಿಯೂ ಅಜ್ಜಿಯರಲ್ಲಿಯೂ, ನಾವು ವಿನಂತಿಸುತ್ತೇವೆ.