ಪಂಡಿತಾ ರಮಾಬಾಯಿಯವರ ಜೀವನ ಮತ್ತು ನಮ್ಮ ಮನೆಯ ರಾಗಿ ಡಬ್ಬ (ಭಾನುವಾರದ ಸಂದೇಶ)

ಕೂತ್ಕೊಳ್ಳಿ. ಬಾಗಿಲ ಹತ್ತಿರ ನಿಂತಿರೋರು ಒಳಗೆ ಬನ್ನಿ, ಬಂಗಾರಪೇಟೆಯಿಂದ ಟ್ರೇನಲ್ಲಿ ಬಂದವರಿಗೆ ಸ್ವಲ್ಪ ಜಾಗ ಮಾಡಿಕೊಡಿ.

ಇವತ್ತು ಒಬ್ಬ ತಾಯಿಯ ಜೀವನವನ್ನು ನಿಮಗೆ ಹೇಳಬೇಕು ಅಂತಿದ್ದೇನೆ. ಆದ್ರೆ ಅದಕ್ಕೆ ಮೊದಲು ನನ್ನದೊಂದು ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಳ್ಳಬೇಕು.

2020ರ ಫೆಬ್ರವರಿಯಲ್ಲಿ ನಾನು ಇದೇ ಜಾಗದಲ್ಲಿ ನಿಂತು ಮನ್ನದ ಬಗ್ಗೆ ಪ್ರಸಂಗ ಮಾಡಿದೆ. ವಿಮೋಚನಕಾಂಡ 16ನೇ ಅಧ್ಯಾಯ. ನಾಳೆಗೆ ಅಂತ ಎತ್ತಿಟ್ಟ ಮನ್ನಕ್ಕೆ ಹುಳ ಬಿತ್ತು, ಹಾಗೆಯೇ ಮನೆಯಲ್ಲಿ ಕೂಡಿಡೋದು ಅವಿಶ್ವಾಸ ಅಂತ ಜೋರಾಗಿ ಹೇಳಿದೆ. ನೀವೂ ಜೋರಾಗಿ ಆಮೆನ್ ಹೇಳಿದ್ರಿ. ಮುಂದಿನ ವಾರ ಒಬ್ಬ ತಂಗಿ ತನ್ನ ಮನೆಯಲ್ಲಿದ್ದ ಒಂದು ಡಬ್ಬ ರಾಗಿಯನ್ನು ಕಾಣಿಕೆಯಾಗಿ ತಂದು ಇಲ್ಲಿಟ್ಟಳು. ನಾನು ಪ್ರಾರ್ಥನೆ ಮಾಡಿ ತೆಗೆದುಕೊಂಡೆ. ಅವಳ ಗಂಡ ಬೆಳಗಿನ ಟ್ರೇನಿಗೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ರಾತ್ರಿ ಬರುವವನು. ಮಾರ್ಚ್ 22ಕ್ಕೆ ಟ್ರೇನ್ ನಿಂತಿತು. 25ರಿಂದ ಊರೇ ಮುಚ್ಚಿತು. ಅವರ ರೇಷನ್ ಕಾರ್ಡ್ ಗಂಡನ ಊರಿನಲ್ಲಿ ಉಳಿದಿತ್ತು. ಮೂರನೇ ವಾರ ನಾನು ಒಂದಿಷ್ಟು ಅಕ್ಕಿ ತೆಗೆದುಕೊಂಡು ಅವರ ಮನೆಗೆ ಹೋದಾಗ ಮಕ್ಕಳಿಗೆ ದಿನಕ್ಕೆ ಒಂದು ಹೊತ್ತು ಗಂಜಿ ಕೊಡ್ತಿದ್ದಳು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಒಲೆ ಪಕ್ಕದಲ್ಲಿ ಆ ರಾಗಿ ಡಬ್ಬ ಬೋರಲು ಹಾಕಿತ್ತು.

ಆ ರಾತ್ರಿ ಮನೆಗೆ ಬಂದು ಅದೇ ಅಧ್ಯಾಯವನ್ನು ಮತ್ತೆ ಓದಿದೆ. ಆರನೆಯ ದಿನ ಎರಡರಷ್ಟು ಕೂಡಿಸಿ ಇಟ್ಟದ್ದಕ್ಕೆ ಹುಳ ಬೀಳಲಿಲ್ಲ ಅಂತ ಅದೇ ಅಧ್ಯಾಯದಲ್ಲಿದೆ, ಪ್ರಿಯರೇ. ಪ್ರಸಂಗದಲ್ಲಿ ನಾನು ಅಲ್ಲಿವರೆಗೆ ಹೋಗಲೇ ಇಲ್ಲ. ಲಾಕ್‌ಡೌನ್ ದಿನಗಳಲ್ಲಿ ಮನೆಯಲ್ಲಿ ಕೂತು ಪಂಡಿತಾ ರಮಾಬಾಯಿಯವರ ಸಾಕ್ಷಿಯನ್ನೂ ಮತ್ತೆ ಓದಿದೆ. ಚಿಕ್ಕಂದಿನಲ್ಲಿ ಸಂಡೇ ಸ್ಕೂಲಿನಲ್ಲಿ ಕೇಳಿದ್ದೆ, ಆಗ ಉಜ್ಜೀವನದ ಭಾಗ ಮಾತ್ರ ನೆನಪಿತ್ತು. ಈ ಸಲ ಹಸಿವಿನ ಭಾಗ ನನ್ನನ್ನು ಹಿಡಿದು ನಿಲ್ಲಿಸಿತು.

ರಮಾಬಾಯಿ ನಮ್ಮ ನಾಡಿನ ಮಗಳು. ಅನೇಕರು ಮಹಾರಾಷ್ಟ್ರದವರು ಅಂದುಕೊಂಡಿದ್ದಾರೆ. ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ, ತುಂಗಾ ಭದ್ರಾ ಹುಟ್ಟುವ ಜಾಗದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿಗೆ ಸಂಸ್ಕೃತ ಕಲಿಸಿದರು ಅಂತ ಜನರ ವಿರೋಧ ಕಟ್ಟಿಕೊಂಡು ಕಾಡಿಗೆ ಬಂದು ಮನೆ ಮಾಡಿದ್ದವರು. ಗದ್ದೆ, ದನ ಎಲ್ಲಾ ಇತ್ತು. ಬಂದ ಅತಿಥಿಗಳಿಗೆ, ವಿದ್ಯಾರ್ಥಿಗಳಿಗೆ ಊಟ ಹಾಕಿ ಹಾಕಿ ಸಾಲ ಆಯ್ತು, ಆಸ್ತಿ ಹೋಯ್ತು. ಮಗು ರಮಾಗೆ ಇನ್ನೂ ಕೆಲವೇ ತಿಂಗಳು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿಕೊಂಡು ಯಾತ್ರೆ ಹೊರಟರು. ಆಮೇಲೆ ಅವರಿಗೆ ಮನೆ ಅಂತ ಒಂದು ಇರಲಿಲ್ಲ.

ಊರೂರು ತಿರುಗಿ ಪುರಾಣ ಹೇಳೋದು, ಜನ ಕೊಟ್ಟದ್ದರಲ್ಲಿ ಊಟಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ದಾನ ಮಾಡೋದು. ಒಳ್ಳೆಯ ಮನಸ್ಸಿನವರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮಳೆ ಹೋದ ವರ್ಷಗಳು ಬಂದವು. 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಕ್ಷಾಮ. ದೇವರು ಕೊಡ್ತಾನೆ ಅಂತ ಇದ್ದ ಒಡವೆ, ಬೆಳ್ಳಿ ಪಾತ್ರೆ, ಒಳ್ಳೆ ಬಟ್ಟೆ ಎಲ್ಲಾ ಮಾರಿ ಪೂಜೆಗೆ, ದಾನಕ್ಕೆ ಹಾಕಿದರು. ಕಡೇ ಅಕ್ಕಿಕಾಳು ಮುಗಿದ ದಿನ, ಭಿಕ್ಷೆ ಬೇಡೋದಕ್ಕೆ ಮಾನ ಬಿಡಲಿಲ್ಲ, ಕೂಲಿ ಕೆಲಸ ಕಲಿತಿರಲಿಲ್ಲ, ಸಾಯೋದಾದ್ರೆ ಯಾರಿಗೂ ಕಾಣದ ಹಾಗೆ ಸಾಯೋಣ ಅಂತ ಕಾಡಿಗೆ ಹೋದರು. ಹನ್ನೊಂದು ದಿನ, ಹನ್ನೊಂದು ರಾತ್ರಿ. ನೀರು, ಎಲೆ, ಒಂದು ಹಿಡಿ ಕಾಡು ಈಚಲಹಣ್ಣು. ಕಡೆಗೆ ಕೂಲಿ ಮಾಡ್ತೀನಿ ಅಂತ ಅಣ್ಣ ಶ್ರೀನಿವಾಸ ಮುಂದೆ ಬಂದ. ಆದ್ರೆ ಆ ಹೊತ್ತಿಗೆ ತಡವಾಗಿತ್ತು. ತಂದೆ ಹೋದರು. ಕೆಲವೇ ತಿಂಗಳಲ್ಲಿ ತಾಯಿ, ಅಕ್ಕ. ತಾಯಿ ಕಡೇ ಹೊತ್ತಿನಲ್ಲಿದ್ದಾಗ ರಮಾ ಪಕ್ಕದ ಮನೆಯ ಬಾಗಿಲಲ್ಲಿ ನಿಂತಳು, ಬಾಯಿಬಿಟ್ಟು ಕೇಳೋದಕ್ಕೂ ಆಗಲಿಲ್ಲ. ಆ ಮನೆಯಾಕೆ ಒಂದು ತುಂಡು ಸಜ್ಜೆ ರೊಟ್ಟಿ ಕೊಟ್ಟಳು. ತಂದು ಕೊಟ್ಟರೆ ತಿನ್ನುವ ಶಕ್ತಿ ತಾಯಿಗೆ ಇರಲಿಲ್ಲ. ರಮಾಗೆ ಆಗ ಹದಿನಾರು.

ಇದನ್ನು ಓದಿದಾಗ ನಾನು ಅವರ ತಂದೆಯನ್ನು ಬಯ್ಯಲಿಲ್ಲ. ಬೇರೆ ಧರ್ಮದವರು, ಅವರಿಗೆ ತಿಳೀಲಿಲ್ಲ ಅಂತ ನೀವು ಹೇಳಬೇಡಿ. ಯೇಸುವಿನ ಹೆಸರಿನಲ್ಲಿ ನಾನು ಅದನ್ನೇ ಮಾಡಿಸಿದ್ದೆ. ಒಬ್ಬ ತಾಯಿಯ ಅಡುಗೆಮನೆಯನ್ನು ಖಾಲಿ ಮಾಡಿಸಿ ಅದಕ್ಕೆ ವಿಶ್ವಾಸ ಅಂತ ಹೆಸರಿಟ್ಟಿದ್ದೆ.

ಅಣ್ಣ ತಂಗಿ ಇಬ್ಬರೂ ಆಮೇಲೆ ಕಾಶ್ಮೀರದವರೆಗೆ ನಡೆದರು. ಸಾವಿರಾರು ಮೈಲಿ, ಬರಿಗಾಲಲ್ಲಿ. ಒಂದು ಹಿಡಿ ಕಾಳನ್ನು ನೀರಲ್ಲಿ ನೆನೆಸಿ ಉಪ್ಪು ಹಾಕಿ ತಿಂದ ದಿನಗಳು. ಜೇಲಂ ನದಿಯ ದಡದಲ್ಲಿ ಚಳಿ ತಡೆಯಲಾಗದೆ ಮರಳಿನಲ್ಲಿ ಗುಂಡಿ ತೋಡಿ, ಕುತ್ತಿಗೆವರೆಗೂ ಮರಳು ಮುಚ್ಚಿಕೊಂಡು ಮಲಗಿದರು. 1878ರಲ್ಲಿ ಕಲ್ಕತ್ತೆಗೆ ಬಂದಾಗ ಅಲ್ಲಿಯ ವಿದ್ವಾಂಸರು ಅವರ ಸಂಸ್ಕೃತ ಕೇಳಿ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡರು. ಮದುವೆ ಆಯ್ತು, ಮಗಳು ಮನೋರಮಾ ಹುಟ್ಟಿದಳು, 1882ರಲ್ಲಿ ಗಂಡನೂ ಕಾಲರಾದಲ್ಲಿ ಹೋದರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ. ಅಲ್ಲಿಂದ ಅಮೆರಿಕ. 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ, ಮುಂದಿನ ವರ್ಷ ಅದು ಪುಣೆಗೆ. ಇದೆಲ್ಲಾ ಶಾಲೆ ಪುಸ್ತಕದಲ್ಲೂ ಇದೆ, ಬೇಗ ಹೇಳಿ ಮುಂದೆ ಹೋಗ್ತೀನಿ.

ನನಗೆ ಬೇಕಾದ್ದು ಇಲ್ಲಿಂದ ಶುರು. ಅಮೆರಿಕದ ಸಂಘದವರು ಅವರ ಶಾಲೆಗೆ ಹತ್ತು ವರ್ಷ ಹಣ ಕೊಡ್ತೀವಿ ಅಂತ ಮಾತು ಕೊಟ್ಟಿದ್ದರು. ಹತ್ತು ವರ್ಷ ಅಂದ್ರೆ ಹತ್ತೇ ವರ್ಷ. ಹನ್ನೊಂದನೇ ವರ್ಷ ಏನು? ರಮಾಬಾಯಿ ಅಲ್ಲಿವರೆಗೆ ಕಾಯಲಿಲ್ಲ. ಹಣ ಬರ್ತಿರೋವಾಗಲೇ ಪುಣೆ ಹತ್ತಿರ ಕೇಡಗಾಂವ್‌ನಲ್ಲಿ ಸುಮಾರು ನೂರು ಎಕರೆ ಜಮೀನು ತೆಗೆದುಕೊಂಡರು. ಬಾವಿ ತೋಡಿಸಿದರು. ಮಾವು, ಕಿತ್ತಳೆ, ನಿಂಬೆ ಹಾಕಿಸಿದರು. ಆ ಹೊತ್ತಿಗೆ ಅವರು ಜಾರ್ಜ್ ಮುಲ್ಲರ್ ಅವರ ಜೀವನ ಓದಿದ್ದರು, ಯಾರನ್ನೂ ಕೇಳದೆ ದೇವರನ್ನೇ ಕೇಳಿ ಅನಾಥರನ್ನು ಸಾಕಿದ ಮನುಷ್ಯ. ಅದನ್ನು ಓದಿ ರಮಾಬಾಯಿ ಮೊಣಕಾಲೂರಿ ಪ್ರಾರ್ಥನೆಯೂ ಮಾಡಿದರು, ಎದ್ದು ಬಾವಿಯನ್ನೂ ತೋಡಿಸಿದರು. ಎರಡಕ್ಕೂ ಜಗಳ ಹಚ್ಚಿದ್ದು ನನ್ನಂಥ ಪ್ರಸಂಗಿಗಳು.

1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಕ್ಷಾಮ ಬಂತು. ಸುದ್ದಿ ಕೇಳಿದಾಗ ಅವರಿಗೆ ತಮ್ಮ ಆ ಹನ್ನೊಂದು ದಿನ ನೆನಪಾಯ್ತು. ಸುಮ್ಮನಿರಲು ಆಗದೆ ಹೊರಟು ಹೋಗಿ ಸುಮಾರು ಮುನ್ನೂರು ಹುಡುಗಿಯರನ್ನು ಕರೆದುಕೊಂಡು ಬಂದರು. ಪುಣೆಯಲ್ಲಿ ಪ್ಲೇಗು, ಅಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಎಲ್ಲಿಗೆ ಕರೆದುಕೊಂಡು ಹೋದರು? ಆ ಕೇಡಗಾಂವ್ ಜಮೀನಿಗೆ. ಬಾವಿ ಇತ್ತು, ನೆಲ ಇತ್ತು. ಅದೇ ಮುಕ್ತಿ ಮಿಷನ್ ಆಯ್ತು. 1900ರಲ್ಲಿ ಗುಜರಾತಿನಲ್ಲಿ ಇನ್ನೂ ಘೋರ ಕ್ಷಾಮ. ಆಗ ಮುಕ್ತಿಯಲ್ಲಿ ಹತ್ತಿರ ಹತ್ತಿರ ಎರಡು ಸಾವಿರ ಜನ. ಬೀಸೋದು, ಎಣ್ಣೆ ತೆಗೆಯೋದು, ನೇಯೋದು, ಹಸು ಸಾಕೋದು, ಹಗ್ಗ ಹೊಸೆಯೋದು ಎಲ್ಲಾ ಆ ಹುಡುಗಿಯರದೇ ಕೆಲಸ. ತನ್ನ ತಂದೆಯ ಮನೆಯಲ್ಲಿ ಯಾರಿಗೂ ಕೈಕೆಲಸ ಗೊತ್ತಿರಲಿಲ್ಲ ಅನ್ನೋದನ್ನು ಆ ತಾಯಿ ಮರೆತಿರಲಿಲ್ಲ.

1905ರ ಜೂನ್ ಕಡೆಯಲ್ಲಿ ಅಲ್ಲಿ ಪವಿತ್ರಾತ್ಮನು ಇಳಿದು ಬಂದನು. ಹಲ್ಲೆಲೂಯ! ಲಾಸ್ ಏಂಜಲೀಸಿನ ಅಜೂಸಾ ಬೀದಿಗಿಂತ ಒಂದು ವರ್ಷ ಮೊದಲು. ಅಲ್ಲಿದ್ದ ಮಿನ್ನಿ ಅಬ್ರಾಮ್ಸ್ ಬರೆದ ಪುಸ್ತಕ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ ಅಲ್ಲೂ ಬೆಂಕಿ ಹತ್ತಿತು. ಇದನ್ನು ನಾವು ಸಂತೋಷವಾಗಿ ಹೇಳ್ತೀವಿ. ಆದ್ರೆ ಆ ದಿನಗಳಲ್ಲೂ ಅಷ್ಟು ಜನರಿಗೆ ಊಟ ಆಗಬೇಕಿತ್ತಲ್ಲ. ಯಾರೋ ಅಕ್ಕಂದಿರು ಬೀಸುವ ಕಲ್ಲಿನ ಮುಂದೆ ಕೂತಿದ್ದರು. ಅವರ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ.

ನಮ್ಮ ಊರಿಗೆ ಬರೋಣ. ಕೋಲಾರ ಸೀಮೆಯ ಹಳ್ಳಿಗಳಲ್ಲಿ ನಮ್ಮ ಅಜ್ಜಂದಿರು ನೆಲದೊಳಗೆ ಹಗೇವು ತೋಡಿ ರಾಗಿ ತುಂಬಿ ಬಾಯಿ ಮುಚ್ಚಿಡ್ತಿದ್ದರು. ವರ್ಷಗಟ್ಟಲೆ ಕೆಡ್ತಿರಲಿಲ್ಲ. ಇಲ್ಲಿ ಮೈನಿಂಗ್ ಲೈನುಗಳಲ್ಲಿ ಹುಟ್ಟಿದ ನಮಗೆ ಆ ಅಭ್ಯಾಸ ಬಿಟ್ಟುಹೋಯ್ತು. ಸಂಬಳದ ದಿನ ತರೋದು, ತಿಂಗಳ ಕಡೆಗೆ ಅಂಗಡಿ ಸಾಲ. ಕಂಪನಿ ಇದೆಯಲ್ಲ ಅನ್ನೋ ಧೈರ್ಯ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಎಷ್ಟು ಮನೆಗಳಲ್ಲಿ ಒಂದು ವಾರದ ಅಕ್ಕಿ ಇತ್ತು? ದೊಡ್ಡವರಿಗೆ ಗೊತ್ತು.

ಲಾಕ್‌ಡೌನ್ ಮುಗಿದ ಮೇಲೆ ನಾನು ಆ ತಂಗಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ನಾಲ್ಕು ಸೇರು ರಾಗಿ ತೆಗೆದುಕೊಂಡು ಹೋಗಿದ್ದೆ. ಬೇಡ ಪಾಸ್ಟರ್, ನಾನೇ ಮಾಡ್ಕೋತೀನಿ ಅಂದಳು. ಕೈಯಲ್ಲಿ ಹಣ ಇರಲಿಲ್ಲ, ಆದ್ದರಿಂದ ಹಿಡಿಯಿಂದ ಶುರು ಮಾಡಿದಳು. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ. ಮಿಜೋರಾಂನ ಸಭೆಗಳಲ್ಲಿ ಹೆಂಗಸರು 1910ರಿಂದ ಹೀಗೆ ಹಿಡಿ ಅಕ್ಕಿ ತೆಗೆದು ಸೇವೆಗೆ ಕೊಡ್ತಾ ಬಂದಿದ್ದಾರೆ. ಇವಳು ಮನೆಗೇ ಇಟ್ಟಳು. ಒಂದು ಹಿಡಿ ಐವತ್ತು ಗ್ರಾಂ ಅಂದ್ರೂ ದಿನಕ್ಕೆ ಎರಡು ಸಲ, ತಿಂಗಳಿಗೆ ಮೂರು ಕಿಲೋ. ಚಾರೆಪ್ತದ ವಿಧವೆಯ ಮಡಕೆಯಲ್ಲೂ ಇದ್ದದ್ದು ಒಂದು ಹಿಡಿ ಹಿಟ್ಟೇ ಅಲ್ವಾ.

ಆಮೇಲೆ ಗಂಡನಿಗೆ ಕೆಲಸ ಸಿಕ್ಕಿತು. ವಾರಕ್ಕೆ ಇಪ್ಪತ್ತು, ಮೂವತ್ತು ರೂಪಾಯಿ ಉಳಿದರೆ ಒಂದು ವಾರ ಉಪ್ಪು, ಒಂದು ವಾರ ಅರ್ಧ ಕಿಲೋ ಹುರುಳಿ, ಇನ್ನೊಂದು ವಾರ ಏನೂ ಇಲ್ಲ. ಏನೂ ಇಲ್ಲದ ವಾರಕ್ಕೆ ಸಾಲ ಮಾಡಿ ತಂದಿಡಲಿಲ್ಲ, ಇದನ್ನು ಗಮನಿಸಿ. ಚೀಟಿ ಹಣ ಎತ್ತಿ ಮೂಟೆ ತಂದಿಡೋದು ಕೂಡಿಡೋದಲ್ಲ. ಸುಗ್ಗಿ ಮುಗಿದು ಹೊಸ ರಾಗಿ ಬಂದಾಗ, ಬೆಲೆ ಇಳಿದಾಗ ರಾಗಿ. ಅವರೆ ಕಾಲದಲ್ಲಿ ಒಣ ಅವರೆಕಾಳು. ಬೇಸಿಗೆಗೆ ಮೊದಲು ಹೊಸ ಹುಣಸೆಹಣ್ಣು, ಬೀಜ ತೆಗೆದು ಉಪ್ಪು ಹಾಕಿ. ರಾಗಿಯನ್ನು ಹಿಟ್ಟು ಮಾಡಿಸಿ ಇಡೋದಿಲ್ಲ, ಕಾಳಾಗಿಯೇ ಇಟ್ಟು ಬೇಕಾದಷ್ಟು ಮಿಲ್ಲಿಗೆ. ಹಿಟ್ಟು ಬೇಗ ಕಹಿಯಾಗುತ್ತೆ, ಕಾಳು ತಡೆಯುತ್ತೆ. ಬೇಳೆಕಾಳು ಚೆನ್ನಾಗಿ ಬಿಸಿಲಿಗೆ ಹಾಕಿ, ಆರಿದ ಮೇಲೆ ಒಣಗಿದ ಬೇವಿನ ಸೊಪ್ಪು ಹಾಕಿ ಮುಚ್ಚಳ ಬಿಗಿ ಮಾಡ್ತಾಳೆ. ಗಾಳಿ ಕಾಲದಲ್ಲಿ ಸೈನೇಡ್ ದಿಬ್ಬದ ಧೂಳು ಎಲ್ಲಿ ಬೇಕಾದ್ರೂ ನುಗ್ಗುತ್ತೆ, ಅದಕ್ಕೇ ಈ ಊರಲ್ಲಿ ಮುಚ್ಚಳ ಮುಖ್ಯ. ಡಬ್ಬದ ಕೆಳಗೆ ಎರಡು ಇಟ್ಟಿಗೆ, ನೆಲದ ತೇವ ಹತ್ತದ ಹಾಗೆ. ಹಳೇದನ್ನು ಮೊದಲು ತಿನ್ನೋದು, ಹೊಸದನ್ನು ಹಿಂದೆ ಇಡೋದು. ಇಟ್ಟದ್ದನ್ನು ಮುಟ್ಟದೇ ಇಟ್ಟರೆ ಮನ್ನದ ಹಾಗೆ ಹುಳವೇ ಬೀಳೋದು, ಅಲ್ಲಿ ನನ್ನ ಪ್ರಸಂಗ ಸರಿ ಇತ್ತು.

ಲೂಕ 12ರ ಆ ಐಶ್ವರ್ಯವಂತನನ್ನು ಕೆಲವರು ನೆನಪು ಮಾಡ್ತೀರಿ, ದೊಡ್ಡ ಕಣಜ ಕಟ್ಟಿಸಿದವನು. ಅವನ ಲೆಕ್ಕದಲ್ಲಿ ಅವನೊಬ್ಬನೇ ಇದ್ದ. ರಮಾಬಾಯಿಯ ಬಾವಿಯ ನೀರನ್ನು ಕುಡಿದವರು ಯಾರು ಅಂತ ಈಗ ತಾನೇ ಕೇಳಿದ್ರಿ.

ಕಡೆಯ ವರ್ಷಗಳಲ್ಲಿ ರಮಾಬಾಯಿ ಬೈಬಲನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತರ್ತಿದ್ದರು. ಮಗಳು ಮನೋರಮಾ 1912ರಲ್ಲಿ ನಮ್ಮ ಗುಲ್ಬರ್ಗಾದಲ್ಲಿ ಶಾಲೆ ತೆರೆಯೋದಕ್ಕೆ ನಿಂತವಳು. 1921ರಲ್ಲಿ ತಾಯಿಗಿಂತ ಮೊದಲೇ ಹೋದಳು. ಆ ದುಃಖದಲ್ಲೂ ಅನುವಾದ ಮುಗಿಸಿ, 1922ರ ಏಪ್ರಿಲ್ 5ರಂದು ಕರ್ತನ ಬಳಿ ಸೇರಿದರು. ಕೇಡಗಾಂವ್‌ನಲ್ಲಿ ಮುಕ್ತಿ ಇವತ್ತಿಗೂ ನಡೀತಿದೆ.

ಹೋದ ತಿಂಗಳು ಆ ತಂಗಿ ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬಂದಳು. ಅವಳ ಬೀದಿಗೆ ಹೊಸದಾಗಿ ಬಂದ ಒಂದು ಮನೆಯವರು, ಗಂಡಸಿಗೆ ಕಾಲು ಮುರಿದು ಕೆಲಸ ಇಲ್ಲ. ಡಬ್ಬದಿಂದ ಎರಡು ಸೇರು ರಾಗಿ ಕೊಡಬಹುದಾ ಪಾಸ್ಟರ್ ಅಂತ ಕೇಳಿದಳು. ಮನೆಗೆ ಎಷ್ಟು ಉಳಿಯುತ್ತೆ ಅಂದೆ. ಎರಡು ತಿಂಗಳಿಗೆ ಸಾಕು ಅಂದಳು. ಹಾಗಾದ್ರೆ ಕೊಡಮ್ಮ, ನನ್ನನ್ನೇನು ಕೇಳ್ತೀಯ ಅಂದೆ. ಅವಳು ನಕ್ಕಳು. ಹೋದ ಸಲ ನೀವು ಹೇಳಿದ್ದು ಕೇಳಿದ್ದೆ ಅಲ್ವಾ, ಅದಕ್ಕೇ ಈ ಸಲ ಮೊದಲು ಅಳೆದು ನೋಡ್ಕೊಂಡೇ ಬಂದೆ ಅಂದಳು.

ಎಲ್ಲರೂ ಎದ್ದು ನಿಲ್ಲೋಣ. ಪ್ರಾರ್ಥನೆ ಮಾಡೋಣ.