ಗಾನಯೋಗಿ ಪಂಚಾಕ್ಷರ ಗವಾಯಿಗಳು

ಒಂದೇ ಒಡಲಲ್ಲಿ ಹುಟ್ಟಿದ ಅಣ್ಣತಮ್ಮಂದಿರಿಬ್ಬರಿಗೂ ಹುಟ್ಟಿನಿಂದಲೇ ಕಣ್ಣಿಲ್ಲವೆಂದರೆ ಹೆತ್ತವರ ದುಃಖವನ್ನು ಅಳೆಯಬಲ್ಲವರಾರು? ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯ ಗುರುಪಾದಯ್ಯ, ನೀಲಮ್ಮ ದಂಪತಿಗಳ ಪಾಲಿಗೆ ಬಂದುದು ಇಂಥ ದುಃಖ. ಹಿರಿಯ ಮಗ ಗುರುಬಸಯ್ಯ. ಕಿರಿಯವನು 1892ರಲ್ಲಿ ಜನಿಸಿದ ಗದಿಗೆಯ್ಯ. ಈ ಗದಿಗೆಯ್ಯನೇ ಮುಂದೆ ಪಂಚಾಕ್ಷರ ಗವಾಯಿಗಳೆಂದು ನಾಡಿಗೆಲ್ಲ ಪೂಜ್ಯರಾದರು.

ಬಾಲಕರಿಬ್ಬರ ಕಂಠಮಾಧುರ್ಯವನ್ನು ಗುರುತಿಸಿದವರು ಹಾನಗಲ್ಲ ಕುಮಾರ ಸ್ವಾಮಿಗಳು. 1909ರಲ್ಲಿ ಮಲಪ್ರಭೆಯ ತಟದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹನೀಯರು ಮಕ್ಕಳ ಕುರುಡನ್ನು ಕಂಡು ಮರುಗಿ ಸುಮ್ಮನಾಗಲಿಲ್ಲ, ವಿದ್ಯೆಯ ದಾರಿ ತೋರಿದರು. ಗದಿಗೆಯ್ಯನು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ ಅನಂತರ ಹಿಂದೂಸ್ತಾನಿ ಸಂಗೀತವನ್ನೂ ಸಾಧಿಸಿ ಉಭಯ ಗಾಯನಾಚಾರ್ಯನೆನಿಸಿದನು.

ಪಡೆದುದನ್ನು ಹಂಚುವುದೇ ಗವಾಯಿಗಳ ಬಾಳಿನ ವ್ರತವಾಯಿತು. ಅಂಧರನ್ನೂ ಅನಾಥರನ್ನೂ ಕೂಡಿಕೊಂಡು ಊರೂರು ಸಂಚರಿಸುತ್ತ, ಭಕ್ತರು ನೀಡಿದ್ದನ್ನು ಉಂಡು, ಉಣಿಸಿ, ಪಾಠ ಹೇಳಿದರು. ಈ ಸಂಚಾರಿ ಗುರುಕುಲವು ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಆ ಭಾರವನ್ನು ಹೊತ್ತವರು ಶಿಷ್ಯರಾದ ಪುಟ್ಟರಾಜ ಗವಾಯಿಗಳು. ಅವರೂ ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. 2010ರವರೆಗೆ ಬಾಳಿ ಆಶ್ರಮವನ್ನು ಬೆಳಗಿದರು. ಬಸವರಾಜ ರಾಜಗುರುಗಳಂಥ ಗಾಯಕರೂ ಪಂಚಾಕ್ಷರ ಗವಾಯಿಗಳ ಗರಡಿಯಲ್ಲಿ ಪಳಗಿದವರೇ.

ಗವಾಯಿ ಸಹೋದರರ ಅಂಧತ್ವದ ಮೂಲವನ್ನು ನಾವಿಂದು ನಿರ್ಣಯಿಸಹೊರಡುವುದು ಸಲ್ಲದು. ಆದರೆ ಒಂದೇ ಮನೆಯಲ್ಲಿ ಇಬ್ಬರಿಗೆ ಹೀಗಾದಾಗ, ಹಿಂದೆ ಪೂರ್ವಕರ್ಮವೆಂದು ನಿಟ್ಟುಸಿರಿಡುತ್ತಿದ್ದ ಜನಕ್ಕೆ ವಿಜ್ಞಾನವು ಈಗ ಬೇರೆ ಮಾತು ಹೇಳುತ್ತದೆ. ಕಣ್ಣಿನ ಹಿಂಬದಿಯ ಅಕ್ಷಿಪಟಲವನ್ನು ಕೆಡಿಸುವ ವಂಶವಾಹಿಗಳು 250ಕ್ಕೂ ಹೆಚ್ಚು. ಇಂಥ ರೋಗಗಳು ಹಲವು ಬಗೆಯಲ್ಲಿ ಸಾಗಿಬರುತ್ತವೆ. ಕೆಲವದರಲ್ಲಿ, ತಾಯಿತಂದೆಗಳಿಬ್ಬರ ಕಣ್ಣೂ ಚೆನ್ನಾಗಿದ್ದು, ಇಬ್ಬರಲ್ಲಿಯೂ ಒಂದೇ ವಂಶವಾಹಿಯ ದೋಷವು ಅಡಗಿದ್ದರೆ, ಪ್ರತಿ ಮಗುವಿಗೂ ರೋಗ ಬರುವ ಸಂಭವ 4ರಲ್ಲಿ 1. ಸೋದರಮಾವನಿಗೆ ಹೆಣ್ಣು ಕೊಡುವಂಥ ರಕ್ತಸಂಬಂಧದಲ್ಲಿ ತಾಯಿತಂದೆಗಳಿಬ್ಬರಲ್ಲಿಯೂ ಒಂದೇ ದೋಷ ಅಡಗಿರುವ ಸಂಭವ ಹೆಚ್ಚುತ್ತದೆ. ಇದರಲ್ಲಿ ತಾಯಿಯ ತಪ್ಪೂ ಇಲ್ಲ, ದೈವದ ಮುನಿಸೂ ಇಲ್ಲ. 2017ರಲ್ಲಿ ಅಮೆರಿಕವು ಆರ್‌ಪಿಇ65 ಎಂಬ ಒಂದು ವಂಶವಾಹಿಯ ದೋಷಕ್ಕೆ ಚಿಕಿತ್ಸೆಯನ್ನು ಅಂಗೀಕರಿಸಿತು; ಉಳಿದ ಬಹುತೇಕ ದೋಷಗಳಿಗೆ ಅಂಥ ಮದ್ದು ಇನ್ನೂ ದೊರೆತಿಲ್ಲ.

ಬೀದರ, ಭಾಲ್ಕಿ, ಔರಾದಗಳ ಶಾಲೆಗಳಲ್ಲಿ ಪಾಠ ಹೇಳುವ ಉಪಾಧ್ಯಾಯ ಬಂಧುಗಳು ಇಷ್ಟನ್ನು ಗಮನಿಸಬೇಕು. ಮುಚ್ಚಂಜೆಯಲ್ಲಿ ತಡವರಿಸುವ, ಪಕ್ಕದಲ್ಲಿದ್ದ ವಸ್ತುವಿಗೆ ಎಡವುವ ಮಗುವನ್ನು ದಡ್ಡನೆಂದು ಗದರದೆ ನೇತ್ರವೈದ್ಯರಲ್ಲಿಗೆ ಕಳುಹಿಸಿರಿ. ಎ ಜೀವಸತ್ವದ ಕೊರತೆಯಿಂದ ಬಂದ ಇರುಳುಗಣ್ಣಾದರೆ ಮದ್ದುಂಟು. ವಂಶದಿಂದ ಬಂದುದಾದರೆ ಅದರ ತಮ್ಮತಂಗಿಯರನ್ನೂ ಪರೀಕ್ಷಿಸಲು ದಾರಿಯುಂಟು. ಎರಡೂ ಕೈಗೂಡದಿದ್ದರೆ ವಿದ್ಯೆಯಂತೂ ಉಂಟು. ಕಾಡಶೆಟ್ಟಿಹಳ್ಳಿಯ ಕುರುಡು ಬಾಲಕನೊಬ್ಬನಿಗೆ ಒಬ್ಬ ಗುರುವು ಕೈಹಿಡಿದು ದಾರಿ ತೋರಿದ್ದರಿಂದ ನೂರಾರು ಅಂಧರ ಬಾಳು ಬೆಳಗಿತು. ಆ ಗುರುವಿನ ಕೆಲಸ ನಮ್ಮ ಪ್ರತಿಯೊಂದು ತರಗತಿಯಲ್ಲಿಯೂ ನಡೆಯಲೆಂದು ಹಾರೈಸುತ್ತೇನೆ.